ಮೂರು ಸ್ಕ್ರೀನಿನ ಸಿಮ್ ರೇಸಿಂಗ್: ಮೊದಲು ಟೇಪು ಹಿಡಿಯಿರಿ, ಇಂಚಿನ ಮಾತು ಆಮೇಲೆ

ಸಿಮ್ ರೇಸಿಂಗಿಗೆ, ಅಂದರೆ ಸ್ಟಿಯರಿಂಗ್, ಪೆಡಲ್ ಇಟ್ಟುಕೊಂಡು ಗೇಮಿನಲ್ಲಿ ಓಡಿಸುವ ಕಾರ್ ರೇಸಿಗೆ, ಟ್ರಿಪಲ್ ಸ್ಕ್ರೀನ್ (ಅಕ್ಕಪಕ್ಕ ಮೂರು ಮಾನಿಟರ್) ಹಾಕಬೇಕು ಎಂದುಕೊಂಡವರೆಲ್ಲ ಮೊದಲು ಕೇಳುವುದು ಒಂದೇ: 27 ಇಂಚು ತಗೊಳ್ಳಲೋ, 32 ಇಂಚೋ? ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗೆ ಹೋಗಿ ಕೇಳಿದರೂ, ಪುಣೆಯ ತಪಕೀರ್ ಗಲ್ಲಿಯಲ್ಲಿ ಕೇಳಿದರೂ ದೊಡ್ಡದೇ ಒಳ್ಳೆಯದು ಎಂಬ ಉತ್ತರ ಬರುತ್ತದೆ. ಆದರೆ ಸೀಟಿನಲ್ಲಿ ಕುಳಿತಾಗ ಕಣ್ಣಿನಿಂದ ಸ್ಕ್ರೀನಿಗೆ ಎಷ್ಟು ಸೆಂಟಿಮೀಟರ್ ಎಂದು ಗೊತ್ತಿಲ್ಲದೆ ಈ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಾರರು.

ಒಂದು ಲೆಕ್ಕ ನೋಡಿ. 27 ಇಂಚಿನ ಮಾನಿಟರಿನ ಕಾಣುವ ಅಗಲ ಸುಮಾರು 59.8 ಸೆಂ.ಮೀ., 32 ಇಂಚಿನದು ಸುಮಾರು 69.8. ಮೊದಲನೆಯದನ್ನು ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿ, ಎರಡನೆಯದನ್ನು 70 ಸೆಂ.ಮೀ. ದೂರದಲ್ಲಿ ಇಟ್ಟರೆ ಎರಡೂ ಕಣ್ಣಿಗೆ ತುಂಬುವುದು ಅದೇ 53 ಡಿಗ್ರಿ. ಅಂದರೆ 32 ಇಂಚು ಕೊಂಡು ಹತ್ತು ಸೆಂ.ಮೀ. ಹಿಂದೆ ಸರಿಸಬೇಕಾಗಿ ಬಂದರೆ ನೋಟ ಎಳ್ಳಷ್ಟೂ ಹೆಚ್ಚುವುದಿಲ್ಲ. ಹೆಚ್ಚುವುದು ಸ್ಟ್ಯಾಂಡಿನ ಭಾರ ಮತ್ತು ರೂಮಿನಲ್ಲಿ ಹಿಡಿಯುವ ಜಾಗ. ಹತ್ತಿರದ ವಸ್ತು ನೋಡಿದರೆ ಕಣ್ಣು ನೋಯುವವರಿಗೆ ಆ ಹತ್ತು ಸೆಂ.ಮೀ. ನಿಜಕ್ಕೂ ಹಿತ, ಅದನ್ನು ತಳ್ಳಿಹಾಕುವಂತಿಲ್ಲ.

ಮೂರೇ ಏಕೆ?

ಬೆಲ್ಜಿಯಂನ ಸ್ಪಾ ಟ್ರ್ಯಾಕಿನ ಮೊದಲ ತಿರುವು ಲಾ ಸೂರ್ಸ್. ಬಲಕ್ಕೆ ಹೇರ್‌ಪಿನ್. ಬ್ರೇಕ್ ಒತ್ತಿ ಕಾರನ್ನು ತಿರುಗಿಸುವ ಹೊತ್ತಿಗೆ ನೋಡಬೇಕಾದ ಅಪೆಕ್ಸ್ (ತಿರುವಿನ ಒಳ ಅಂಚಿನ ಬಿಂದು) ಎದುರಿನ ಸ್ಕ್ರೀನಿನಲ್ಲಿ ಇರುವುದೇ ಇಲ್ಲ, ಆಗಲೇ ಬಲಕ್ಕೆ ಜಾರಿರುತ್ತದೆ. ಒಂದೇ ಮಾನಿಟರ್ ಇದ್ದವರು ಅದನ್ನು ಊಹಿಸಿ ಓಡಿಸುತ್ತಾರೆ, ಇಲ್ಲವೇ ಗೇಮಿನಲ್ಲಿ ಎಫ್‌ಓವಿ (ಸ್ಕ್ರೀನಿನಲ್ಲಿ ಕಾಣುವ ನೋಟದ ಕೋನ) ಹಿಗ್ಗಿಸುತ್ತಾರೆ. ಹಿಗ್ಗಿಸಿದ ಕೂಡಲೇ ದೂರದ ವಸ್ತುಗಳೆಲ್ಲ ಕುಗ್ಗಿ ಇನ್ನೂ ದೂರ ಕಾಣುತ್ತವೆ, ಬ್ರೇಕಿಂಗ್ ಪಾಯಿಂಟ್ ಕೈತಪ್ಪುತ್ತದೆ. ಮೂರು ಸ್ಕ್ರೀನ್ ಇದ್ದರೆ ಎಫ್‌ಓವಿ ನಿಜದ ಅಳತೆಯಲ್ಲೇ ಇರುತ್ತದೆ, ಒಟ್ಟು ನೋಟ ಮಾತ್ರ 160 ಡಿಗ್ರಿಯ ಹತ್ತಿರ ಹೋಗುತ್ತದೆ. ಪಕ್ಕದ ಬಾಗಿಲಿಗೆ ಮೂತಿ ತಾಗಿಸಿಕೊಂಡು ಬರುವ ಕಾರು ಕಣ್ಣಂಚಿಗೆ ಸಿಗುತ್ತದೆ. ಪಕ್ಕದವನಿಗೆ ಜಾಗ ಬಿಟ್ಟು ಓಡಿಸುವ ಸಭ್ಯತೆ ಸಾಧ್ಯವಾಗುವುದು ಆಗಲೇ.

ಪ್ಲೇಸ್ಟೇಷನ್ 5ರ ಹಿಂದೆ ಇರುವುದು ಒಂದೇ ಎಚ್‌ಡಿಎಂಐ ಔಟ್‌ಪುಟ್. ಕನ್ಸೋಲಿನಲ್ಲೇ ಆಡುವವರು ಒಂದು ಒಳ್ಳೆಯ ದೊಡ್ಡ ಸ್ಕ್ರೀನ್ ತೆಗೆದುಕೊಂಡು ನೆಮ್ಮದಿಯಾಗಿರಿ. ಮುಂದಿನದೆಲ್ಲ ಪಿಸಿಯವರಿಗೆ.

ಹಂತ 1: ಕಣ್ಣಿನ ದೂರ

ಸೀಟು, ಪೆಡಲ್, ವೀಲ್ ಮೂರನ್ನೂ ಮೊದಲು ಕೊನೆಯ ಜಾಗಕ್ಕೆ ಬಿಗಿಯಿರಿ. ಇವು ಅಲ್ಲಾಡುತ್ತಿರುವಾಗ ತೆಗೆದ ಅಳತೆ ನೀರಿನಲ್ಲಿಟ್ಟ ಹೋಮ. ಬೆನ್ನು ಸೀಟಿಗೆ ಒರಗಿಸಿ, ಮೊಣಕೈ ಸ್ವಲ್ಪ ಬಾಗಿರುವಂತೆ ಸ್ಟಿಯರಿಂಗ್ ಹಿಡಿದು ಕುಳಿತುಕೊಳ್ಳಿ. ಇನ್ನೊಬ್ಬರು ಕಣ್ಣಿನ ಹೊರ ಮೂಲೆಯಿಂದ ಟೇಪು ಹಿಡಿಯಲಿ. ನೀವೇ ಹಿಡಿದರೆ ತಲೆ ಮುಂದೆ ಬಾಗುತ್ತದೆ, ನಾಲ್ಕೈದು ಸೆಂ.ಮೀ. ಅಲ್ಲೇ ತಪ್ಪುತ್ತದೆ.

ಸ್ಕ್ರೀನ್ ಎಷ್ಟು ಹತ್ತಿರ ಬರಬಲ್ಲದು ಎಂದು ತೀರ್ಮಾನಿಸುವುದು ವೀಲ್‌ಬೇಸ್. ಅಂದರೆ ಸ್ಟಿಯರಿಂಗಿನ ಹಿಂದಿರುವ ಮೋಟರಿನ ಡಬ್ಬ. ಅದರ ಹಿಂದೆ ಕೇಬಲ್ಲಿಗೂ ಜಾಗ ಬೇಕು. ಸ್ಕ್ರೀನಿನ ಕೆಳ ಅಂಚು ಆ ಡಬ್ಬಕ್ಕಿಂತ ಮೇಲಿದ್ದರೆ ಮಾನಿಟರನ್ನು ಡಬ್ಬದ ಮೇಲೆಯೇ ತಂದು ನಿಲ್ಲಿಸಬಹುದು, 60 ಸೆಂ.ಮೀ. ಸುಲಭವಾಗಿ ಸಿಗುತ್ತದೆ. ಕೆಳಗಿದ್ದರೆ ಡಬ್ಬದ ಹಿಂದೆ ಹೋಗಲೇಬೇಕು, ಆಗ ದೂರ 70ರಿಂದ 80ಕ್ಕೆ ಏರುತ್ತದೆ. ಸ್ಕ್ರೀನಿನ ನಡುಭಾಗ ಕಣ್ಣಿನ ಎತ್ತರಕ್ಕಿರಬೇಕು ಎಂದಿಟ್ಟುಕೊಂಡರೆ 27 ಇಂಚಿನದರ ಕೆಳ ಅಂಚು ಕಣ್ಣಿಗಿಂತ 17 ಸೆಂ.ಮೀ. ಕೆಳಗೆ ಬರುತ್ತದೆ, 32 ಇಂಚಿನದು 20 ಸೆಂ.ಮೀ. ಕೆಳಗೆ. ಈ ಮೂರು ಸೆಂ.ಮೀ. ಅಂತರದಲ್ಲೇ ಎಷ್ಟೋ ರಿಗ್‌ಗಳಲ್ಲಿ (ಸೀಟು, ವೀಲ್, ಪೆಡಲ್ ಕೂರಿಸಿದ ಚೌಕಟ್ಟು) 32 ಇಂಚು ವೀಲ್‌ಬೇಸಿಗೆ ತಗಲುತ್ತದೆ. ಆದ್ದರಿಂದ ಕಣ್ಣಿನ ಎತ್ತರ, ವೀಲ್‌ಬೇಸಿನ ತಲೆಯ ಎತ್ತರ, ಎರಡನ್ನೂ ನೆಲದಿಂದ ಅಳೆದು ಬರೆದಿಟ್ಟುಕೊಳ್ಳಿ.

ಹಂತ 2: ರೂಮಿನ ನೆಲ

ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ಒನ್ ಬಿಎಚ್‌ಕೆಯಲ್ಲಿ ಬೆಡ್‌ರೂಮ್ ಎಂದರೆ ಬಹಳಷ್ಟು ಕಡೆ 10 ಅಡಿಗೆ 10 ಅಡಿ, ಅಂದರೆ 305 ಸೆಂ.ಮೀ. ಚೌಕ. ಅದರಲ್ಲಿ ಮಂಚ, ಕಪಾಟು, ಬಾಗಿಲು ತೆರೆಯುವ ಜಾಗ ಕಳೆದು ಉಳಿದದ್ದು ರಿಗ್ಗಿಗೆ. ಹಿಂಜವಡಿಯಲ್ಲಿ ಫ್ಲ್ಯಾಟ್ ಹಂಚಿಕೊಂಡಿರುವ ಹುಡುಗರಿಗೂ ಇದೇ ಲೆಕ್ಕ, ವಾಸ್ಕೋದ ಕ್ವಾರ್ಟರ್ಸಿನವರಿಗೂ ಇದೇ.

ಅಂಚು ಸೇರಿಸಿ 27 ಇಂಚಿನ ಹೊರ ಅಗಲ 61, 32 ಇಂಚಿನದು 71.5, 24 ಇಂಚಿನದು 54 ಸೆಂ.ಮೀ. ಎಂದು ಹಿಡಿಯಿರಿ. ಪಕ್ಕದವನ್ನು ಸರಿಯಾದ ಕೋನಕ್ಕೆ ತಿರುಗಿಸಿದಾಗ ಆಗುವುದು ಹೀಗೆ:

24 ಇಂಚು, ಕಣ್ಣಿನಿಂದ 55 ಸೆಂ.ಮೀ.: ಕೋನ 52 ಡಿಗ್ರಿ, ಒಟ್ಟು ಅಗಲ 120, ಆಳ 43 ಸೆಂ.ಮೀ.
27 ಇಂಚು, 60 ಸೆಂ.ಮೀ.: ಕೋನ 54, ಅಗಲ 133, ಆಳ 49.
32 ಇಂಚು, 70 ಸೆಂ.ಮೀ.: ಕೋನ 54, ಅಗಲ 156, ಆಳ 58.
32 ಇಂಚು, 60 ಸೆಂ.ಮೀ.: ಕೋನ 62, ಅಗಲ 140, ಆಳ 63.

ಕೊನೆಯ ಸಾಲನ್ನು ಎರಡು ಸಲ ಓದಿ. ಕಣ್ಣು 60 ಸೆಂ.ಮೀ. ದೂರದಲ್ಲಿದೆ, ರೆಕ್ಕೆಗಳ ಆಳ 63. ಅಂದರೆ ಪಕ್ಕದ ಸ್ಕ್ರೀನಿನ ತುದಿ ನಿಮ್ಮ ಕಿವಿಯ ಸಾಲಿಗೆ ಬಂದು ನಿಂತಿದೆ. ನೋಟಕ್ಕೆ ಇದು ಹಬ್ಬ, 180 ಡಿಗ್ರಿ ಸಿಗುತ್ತದೆ. ಆದರೆ ಒಂದು ಮಗ್ಗುಲು ಗೋಡೆಗೆ ಅಂಟಿದ ರಿಗ್ಗಿನಲ್ಲಿ ಸೀಟಿಗೆ ಇಳಿಯುವುದೇ ಪಡಿಪಾಟಲು. ಪ್ರತಿ ಸಲ ಮೊಣಕೈ ತಗುಲಿ ಸ್ಕ್ರೀನ್ ಒಂದಿಷ್ಟು ತಿರುಗುತ್ತದೆ, ಹೊಂದಿಸಿದ ಕೋನ ವಾರದಲ್ಲಿ ಹಾಳು. ಇಷ್ಟು ಹತ್ತಿರ ಬೇಕೆಂದರೆ ಎರಡೂ ಕಡೆ ಒಂದೊಂದು ಅಡಿಯಾದರೂ ಖಾಲಿ ಜಾಗ ಇರಲಿ.

ಸ್ಟ್ಯಾಂಡಿನ ಕಾಲುಗಳಿಗೆ ಹಿಂದುಗಡೆ ಇನ್ನೂ 20ರಿಂದ 25 ಸೆಂ.ಮೀ. ಸೇರಿಸಿ. ಸೀಟಿನ ಬೆನ್ನಿನಿಂದ ಸ್ಟ್ಯಾಂಡಿನ ಹಿಂಬದಿಯವರೆಗೆ ಒಟ್ಟು ಆರೂವರೆ ಅಡಿ ಹಿಡಿದರೆ ಸುರಕ್ಷಿತ.

ಕಾಗದದ ಲೆಕ್ಕ ನಂಬದವರಿಗೆ ಒಂದು ಉಪಾಯ, ನಂಬುವವರೂ ಮಾಡಲೇಬೇಕಾದದ್ದು. ಫ್ರಿಜ್ ಅಥವಾ ವಾಷಿಂಗ್ ಮಷಿನ್ ಬಂದ ರಟ್ಟಿನ ಪೆಟ್ಟಿಗೆಯಿಂದ ಮೂರು ತುಂಡು ಕತ್ತರಿಸಿ: 27 ಇಂಚಿಗೆ 61×36, 32 ಇಂಚಿಗೆ 71.5×42 ಸೆಂ.ಮೀ. ಹಿಂದಿನಿಂದ ಟೇಪು ಅಂಟಿಸಿ ಬಾಗಿಲಿನ ಕೀಲಿನಂತೆ ಜೋಡಿಸಿ, ಕುರ್ಚಿಗಳ ಮೇಲೆ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ ಎರಡು ದಿನ ಹಾಗೇ ಬಿಡಿ. ಕಪಾಟು ತೆರೆಯುತ್ತದೆಯೇ, ಫ್ಯಾನಿನ ಗಾಳಿ ಬರುತ್ತದೆಯೇ, ಮನೆಯವರು ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋಗಬಲ್ಲರೇ ಎಂದೆಲ್ಲ ಆಗಲೇ ತಿಳಿಯುತ್ತದೆ.

ಹಂತ 3: ಈಗ ಇಂಚು

ಕಣ್ಣಿನ ದೂರ 50ರಿಂದ 55 ಸೆಂ.ಮೀ., ಮೇಜಿಗೆ ಕ್ಲ್ಯಾಂಪ್ ಮಾಡಿದ ವೀಲ್, ಸಾಧಾರಣ ಗ್ರಾಫಿಕ್ಸ್ ಕಾರ್ಡ್: 24 ಇಂಚು ಸಾಕು. ಇದನ್ನು ಕೀಳಾಗಿ ಕಾಣಬೇಡಿ. 55 ಸೆಂ.ಮೀ. ದೂರದಲ್ಲಿ ಮೂರು ಸೇರಿ 150 ಡಿಗ್ರಿ ದಾಟುತ್ತದೆ. ಕೊರತೆ ಎತ್ತರದಲ್ಲಿ ಮಾತ್ರ, ಸ್ಕ್ರೀನಿನ ಎತ್ತರ 30 ಸೆಂ.ಮೀ. ಮುಟ್ಟುವುದಿಲ್ಲವಾದ್ದರಿಂದ ಡ್ಯಾಶ್‌ಬೋರ್ಡ್ ಅಥವಾ ಆಕಾಶ, ಎರಡರಲ್ಲಿ ಒಂದು ಕಡಿತವಾಗುತ್ತದೆ.

55ರಿಂದ 65ರವರೆಗೆ 27 ಇಂಚು. ಮುಂಬೈ ರೂಮುಗಳಿಗೆ, ನಮ್ಮ ಅಭಿಪ್ರಾಯದಲ್ಲಿ, ಇದೇ ಹದವಾದ ಅಳತೆ.

65ರಿಂದ 75ರ ನಡುವೆ, ರಿಗ್ಗಿಗೆಂದೇ ಮೀಸಲಾದ ಮೂಲೆ ಇದ್ದರೆ 32 ಇಂಚು. ಕಣ್ಣು 80 ಸೆಂ.ಮೀ.ಗೆ ಹೋದರೆ ಅದೇ 32 ಇಂಚು ಒಂದಕ್ಕೆ 47 ಡಿಗ್ರಿ ಮಾತ್ರ ಕೊಡುತ್ತದೆ, ಮೂರಕ್ಕೆ 141. ಅಷ್ಟು ನೋಟ 60 ಸೆಂ.ಮೀ. ದೂರದಲ್ಲಿಟ್ಟ 24 ಇಂಚಿಗೂ ಸಿಗುತ್ತದೆ. ಹಾಗಾದಾಗ ದೊಡ್ಡ ಮಾನಿಟರ್ ಹುಡುಕುವ ಮುನ್ನ ವೀಲ್‌ಬೇಸನ್ನು ತಗ್ಗಿಸಿ ಸ್ಕ್ರೀನ್ ಮುಂದೆ ತರಲು ಆಗುತ್ತದೆಯೇ ನೋಡಿ. ನಾಲ್ಕು ಬೋಲ್ಟಿನ ಕೆಲಸ ಅದು.

55 ಇಂಚಿನ ಟಿವಿ ಮೂರು ಜೋಡಿಸುವ ಆಸೆ ಕೆಲವರಿಗೆ. ಒಂದರ ಅಗಲವೇ 121 ಸೆಂ.ಮೀ. ಹಾಲ್ ಪೂರ್ತಿ ನಿಮ್ಮದಾದರೆ ಯೋಚಿಸಿ.

ಮೂರಕ್ಕೆ ಜಾಗವೇ ಇಲ್ಲದಿದ್ದರೆ 49 ಇಂಚಿನ ಅಲ್ಟ್ರಾವೈಡ್. ಎರಡು 27 ಇಂಚನ್ನು ನಡುವೆ ಅಂಚಿಲ್ಲದೆ ಬೆಸೆದಂತೆ, ಅಗಲ ಸುಮಾರು 120 ಸೆಂ.ಮೀ. ಒಂದೇ ಕೇಬಲ್, ಒಂದೇ ಸ್ಟ್ಯಾಂಡ್, ಹೊಂದಿಸುವ ತಲೆನೋವಿಲ್ಲ. ಆದರೆ 70 ಸೆಂ.ಮೀ. ದೂರದಿಂದ ನೋಟ 80ರಿಂದ 90 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಪಕ್ಕದ ಕಾರು ಕಾಣುವುದಿಲ್ಲ. 34 ಇಂಚಿನ ಅಲ್ಟ್ರಾವೈಡ್ ಇನ್ನೂ ಕಿರಿದು, ಅಗಲ 80 ಸೆಂ.ಮೀ. ಅಷ್ಟೇ.

ಮನೆಯಲ್ಲಿ ಈಗಾಗಲೇ ಇರುವ ಎರಡು 27 ಇಂಚಿನ ನಡುವೆ ಹೊಸ 32 ಇಂಚು ಇಡಬಹುದೇ? ಬೇಡ. ಎರಡೂ 1440ಪಿ (ಮೇಲಿನಿಂದ ಕೆಳಕ್ಕೆ 1440 ಪಿಕ್ಸೆಲ್ ಸಾಲು) ಆಗಿದ್ದರೂ ಎತ್ತರ 39.2 ಒಂದು, 33.6 ಇನ್ನೊಂದು. ನಡುಗೆರೆ ಸೇರಿಸಿದರೆ ಮೇಲೆ 2.8, ಕೆಳಗೆ 2.8 ಸೆಂ.ಮೀ. ವ್ಯತ್ಯಾಸ. ದಿಗಂತದ ಗೆರೆ ಕೂಡುತ್ತದೆ, ರಸ್ತೆಯ ಬಿಳಿ ಗೆರೆ ಅಂಚು ದಾಟುವಾಗ ಮೆಟ್ಟಿಲಿನಂತೆ ಮುರಿಯುತ್ತದೆ. ಬಳಸುವ ಗೇಮ್ ಮೂರೂ ಒಂದೇ ಅಳತೆಯವು ಎಂದು ತಿಳಿದು ಚಿತ್ರ ಬಿಡಿಸುವಾಗ ಯಾವ ಸೆಟ್ಟಿಂಗಿನಿಂದಲೂ ಇದನ್ನು ಪೂರ್ತಿ ಸರಿಪಡಿಸಲಾಗದು. ಎರಡೇ ಮಾನಿಟರ್ ಇಟ್ಟರೆ ಅಂಚು ನಿಮ್ಮ ಮೂಗಿನ ನೇರಕ್ಕೆ ಬರುತ್ತದೆ, ಅದೂ ಬೇಡ. ಹಳೆಯ ಮಾನಿಟರ್ ಟೈಮಿಂಗ್ ಮತ್ತು ಟೆಲಿಮೆಟ್ರಿ (ಕಾರಿನ ವೇಗ, ಬ್ರೇಕಿನಂಥ ಅಂಕಿಗಳು) ನೋಡಲು ಮೇಲ್ಗಡೆ ಇರಲಿ. ಡ್ಯಾಶ್‌ಬೋರ್ಡ್ ಬೇರೆಯಾಗಿ ಬೇಕಾದವರಿಗೆ 5 ಇಂಚಿನ ಚಿಕ್ಕ ಸ್ಕ್ರೀನ್, ಅದಕ್ಕೆ ಸಿಮ್‌ಹಬ್ ಸಾಫ್ಟ್‌ವೇರ್ ಸಾಕು.

ಹಂತ 4: ಪಿಕ್ಸೆಲ್ ಮತ್ತು ಗ್ರಾಫಿಕ್ಸ್ ಕಾರ್ಡ್

ಮೂರು 1080ಪಿ ಎಂದರೆ 62 ಲಕ್ಷ ಪಿಕ್ಸೆಲ್. ಮೂರು 1440ಪಿ ಎಂದರೆ 1 ಕೋಟಿ 10 ಲಕ್ಷ, ಒಂದು 4ಕೆ ಸ್ಕ್ರೀನಿನ 83 ಲಕ್ಷಕ್ಕಿಂತಲೂ ಹೆಚ್ಚು. ಮೂರು 4ಕೆ ಸುಮಾರು ಎರಡೂವರೆ ಕೋಟಿ. ಸಾಧಾರಣ ಕಾರ್ಡಿಗೆ ಮೂರು 4ಕೆ ಕಟ್ಟುವುದು ಮೂಗಿಗಿಂತ ಮೂಗುತಿ ಭಾರ. ಮೂರು 1440ಪಿಗೆ ಕಾರ್ಡಿನಲ್ಲಿ 12 ಜಿಬಿ ಮೆಮೊರಿ ಇದ್ದರೆ ನೆಮ್ಮದಿ. ಮೂರು ಬೇರೆ ಬೇರೆ ಕೋನದ ಚಿತ್ರ ಬಿಡಿಸುವುದರಿಂದ ಪ್ರೊಸೆಸರಿಗೂ ಹೊರೆ ಬೀಳುತ್ತದೆ. ರೇಸ್ ಶುರುವಾಗುವ ಗ್ರಿಡ್ಡಿನಲ್ಲಿ 30 ಕಾರು ನಿಂತಾಗ ಫ್ರೇಮ್ ಕುಸಿದರೆ ಕಾರ್ಡನ್ನು ಮಾತ್ರ ದೂರಬೇಡಿ.

ಒಂದು ಸೆಂ.ಮೀ.ಯಲ್ಲಿ ಎಷ್ಟು ಪಿಕ್ಸೆಲ್ ಎಂದು ನೋಡಿದರೆ ಆಯ್ಕೆ ಸುಲಭ. 27 ಇಂಚಿನ 1440ಪಿಯಲ್ಲಿ 43, 32 ಇಂಚಿನ 1440ಪಿಯಲ್ಲಿ 37, 24 ಇಂಚಿನ 1080ಪಿಯಲ್ಲಿ 36. ಇವು ಮೂರೂ ಚೆನ್ನ. 32 ಇಂಚಿನ 1080ಪಿಗೆ ಬಂದರೆ 27ಕ್ಕೆ ಇಳಿಯುತ್ತದೆ. ತಿರುವಿಗೆ ಇನ್ನೆಷ್ಟು ದೂರ ಎಂದು ಹೇಳುವ 100 ಮೀಟರ್ ಫಲಕ ದೂರದಲ್ಲಿ ಕಲಸಿದ ಚುಕ್ಕೆಯಂತೆ ಕಾಣುತ್ತದೆ, ತಂತಿಬೇಲಿ ಮಿಣಮಿಣ ಎನ್ನುತ್ತದೆ. ಬೆಲೆ ಎಷ್ಟೇ ಇಳಿದಿದ್ದರೂ ಅದನ್ನು ಕೊಳ್ಳಬೇಡಿ.

ಹಂತ 5: ಕೊಳ್ಳುವಾಗ

ಮೂರೂ ಒಂದೇ ಮಾಡೆಲ್, ಒಂದೇ ದಿನ, ಒಂದೇ ಅಂಗಡಿಯಲ್ಲಿ. ಈಗ ಒಂದು, ದೀಪಾವಳಿಗೆ ಎರಡು ಎಂಬ ಯೋಜನೆ ಕೈಕೊಡುವುದು ಹೀಗೆ: ಅದೇ ಹೆಸರಿನಲ್ಲಿ ಒಳಗಿನ ಪ್ಯಾನೆಲ್ ಬದಲಾಗಿರುತ್ತದೆ, ಒಂದು ಸ್ಕ್ರೀನಿನ ಡಾಂಬರು ಬೂದಿ, ಇನ್ನೊಂದರದು ತುಸು ಹಳದಿ. ಪೆಟ್ಟಿಗೆಯ ಸ್ಟಿಕರಿನಲ್ಲಿ ತಯಾರಿಕೆಯ ತಿಂಗಳು ಹೊಂದುತ್ತದೆಯೇ ನೋಡಿ. ಬಿಲ್ಲಿನಲ್ಲಿ ಮೂರೂ ಸೀರಿಯಲ್ ನಂಬರ್ ಬರೆಸಿ. ಅಂಗಡಿಯಲ್ಲೇ ಹಚ್ಚಿಸಿ ಬಿಳಿ, ಕಪ್ಪು, ಕೆಂಪು ಪರದೆ ಒಂದೊಂದು ನಿಮಿಷ ನೋಡಿ, ಸತ್ತ ಪಿಕ್ಸೆಲ್ ಅಲ್ಲೇ ಸಿಗುತ್ತದೆ. ಮೂರು ಪೆಟ್ಟಿಗೆ ಲೋಕಲ್ ಟ್ರೇನಿನಲ್ಲಿ ತರುವ ಸಾಹಸ ಬೇಡ, ಟೆಂಪೊ ಮಾಡಿಸಿ.

ಹಿಂಬದಿಯಲ್ಲಿ 100×100 ಅಥವಾ 75×75 ಮಿ.ಮೀ. ವೆಸಾ ತೂತು (ಸ್ಟ್ಯಾಂಡಿಗೆ ಬೋಲ್ಟ್ ಹಾಕುವ ನಾಲ್ಕು ತೂತು) ಕಡ್ಡಾಯ, ಅದಿಲ್ಲದ ಅಗ್ಗದ ಮಾಡೆಲ್‌ಗಳಿವೆ. ಅಂಚು ಸಣ್ಣದಿದ್ದಷ್ಟೂ ಒಳ್ಳೆಯದು. ಐಪಿಎಸ್ ಪ್ಯಾನೆಲ್ ಹಗಲಿನ ರೇಸಿಗೆ ಹಿತ. ವಿಎ ಪ್ಯಾನೆಲ್ಲಿನ ಕಪ್ಪು ಗಾಢ, ಆದರೆ ಅಗ್ಗದವುಗಳಲ್ಲಿ ರಾತ್ರಿ ರೇಸಿನ ಮರದ ನೆರಳು ಬಾಲ ಎಳೆದಂತೆ ಕಲೆಸುತ್ತದೆ. ಬಾಗಿದ ಮಾನಿಟರೋ ಚಪ್ಪಟೆಯೋ? ಸಾಮಾನ್ಯವಾಗಿ ಗೇಮ್ ಲೆಕ್ಕ ಹಾಕುವುದು ಚಪ್ಪಟೆ ಎಂದುಕೊಂಡೇ. 1500ಆರ್ (1500 ಮಿ.ಮೀ. ತ್ರಿಜ್ಯದ) ಬಾಗು ತೊಂದರೆ ಮಾಡದು, ಆದರೂ ಮೊದಲ ಸಲದವರಿಗೆ ಚಪ್ಪಟೆಯದನ್ನು ಹೊಂದಿಸುವುದು ಸುಲಭ.

ಹಂತ 6: ಸ್ಟ್ಯಾಂಡ್

ಬಾಡಿಗೆ ಮನೆಯ ಗೋಡೆ ಕೊರೆಯಲು ಮಾಲೀಕರು ಬಿಡುವುದಿಲ್ಲ, ಹಳೆಯ ಕಟ್ಟಡದ ಗಾರೆ ಬೋಲ್ಟ್ ಹಿಡಿಯುವುದೂ ಇಲ್ಲ. ಆದ್ದರಿಂದ ನೆಲಕ್ಕೆ ನಿಲ್ಲುವ ಸ್ಟ್ಯಾಂಡ್. ಅದು ರಿಗ್ಗಿಗೆ ಅಂಟಿರಬಾರದು: ಡೈರೆಕ್ಟ್ ಡ್ರೈವ್ (ಮೋಟರಿಗೇ ನೇರ ಜೋಡಿಸಿದ) ವೀಲಿನ ಒದೆತ, ಸೀಟನ್ನು ಅದುರಿಸುವ ಬಾಸ್ ಶೇಕರಿನ ನಡುಕ ಸ್ಕ್ರೀನಿಗೆ ಹತ್ತಿ ಚಿತ್ರ ಕಂಪಿಸುತ್ತದೆ. 40×40 ಮಿ.ಮೀ. ಅಲ್ಯೂಮಿನಿಯಂ ಪ್ರೊಫೈಲ್ 27 ಇಂಚಿಗೆ ಸಾಕು. 32 ಇಂಚಿನ ಮೂರಕ್ಕೆ ಅಡ್ಡಪಟ್ಟಿ 40×80 ಇರಲಿ, 80ರ ಮಗ್ಗುಲು ನೆಟ್ಟಗೆ ನಿಲ್ಲುವಂತೆ. ಮೇಜಿಗೆ ಸಿಕ್ಕಿಸುವ ಒಂಟಿಕಂಬದ ಮೂರು ಕೈಯ ಆರ್ಮ್‌ನಲ್ಲಿ ಹೊರಗಿನ ಸ್ಕ್ರೀನ್ ದಿನ ಕಳೆದಂತೆ ಜೋತುಬೀಳುತ್ತದೆ.

ವೆಸಾ ಬೋಲ್ಟ್ ಎಂ4. ಮಾನಿಟರಿನ ಜೊತೆ ಬಂದ ಉದ್ದಕ್ಕಿಂತ ಪ್ಲೇಟಿನ ದಪ್ಪದಷ್ಟು ಮಾತ್ರ ಹೆಚ್ಚಿರಲಿ. ಉದ್ದ ಬೋಲ್ಟ್ ಒಳಗಿನ ಬೋರ್ಡಿಗೆ ಚುಚ್ಚುತ್ತದೆ. ಪ್ರತಿ ಮಾನಿಟರೂ ಮೇಲೆ ಕೆಳಗೆ, ಹಿಂದೆ ಮುಂದೆ, ಓರೆಯಾಗಿ, ಹೀಗೆ ಮೂರು ಬಗೆಯಲ್ಲೂ ಬೇರೆ ಬೇರೆಯಾಗಿ ಸರಿಯುವಂತಿರಬೇಕು.

ಹಂತ 7: ದಾರದಿಂದ ಕೋನ

ಕೋನಮಾಪಕ ಬೇಡ, ಒಂದು ದಾರ ಸಾಕು. ಹಿಗ್ಗದ ಹತ್ತಿ ದಾರ ತೆಗೆದುಕೊಳ್ಳಿ, ಎಲಾಸ್ಟಿಕ್ ಅಂಶ ಇರಬಾರದು. ಸೀಟಿನ ಮೇಲೆ ಕಣ್ಣು ಇರುವ ಜಾಗಕ್ಕೆ ಸರಿಯಾಗಿ ಒಂದು ಕೋಲು ನಿಲ್ಲಿಸಿ, ಕ್ಯಾಮೆರಾ ಟ್ರೈಪಾಡ್ ಇದ್ದರೆ ಇನ್ನೂ ಒಳ್ಳೆಯದು. ದಾರದ ಒಂದು ತುದಿ ಅಲ್ಲಿಗೆ ಕಟ್ಟಿ. ಮೂರೂ ಸ್ಕ್ರೀನಿನ ನಟ್ಟನಡುವೆ ಕಾಗದದ ಟೇಪಿನ ಸಣ್ಣ ಚುಕ್ಕೆ ಅಂಟಿಸಿ. ನಡುವಿನ ಸ್ಕ್ರೀನಿನ ಚುಕ್ಕೆಗೆ ದಾರ ಎಳೆದು, ಮುಟ್ಟಿದ ಕಡೆ ಗಂಟು ಹಾಕಿ. ಈಗ ಬಲ ಮಾನಿಟರಿನ ಒಳ ಅಂಚು ನಡುವಿನದರ ಅಂಚಿಗೆ ತಾಗಿಯೇ ಇರಲಿ, ಹೊರ ತುದಿಯನ್ನು ಮಾತ್ರ ನಿಧಾನ ಮುಂದಕ್ಕೆ ತನ್ನಿ. ಗಂಟು ಬಲ ಸ್ಕ್ರೀನಿನ ಚುಕ್ಕೆಯ ಮೇಲೆ ಕುಳಿತ ಕ್ಷಣ ಕೋನ ಸರಿಯಾಯಿತು. ಎಡಕ್ಕೂ ಹಾಗೆಯೇ. ಮೂರೂ ನಡುಗಳು ಕಣ್ಣಿಗೆ ಸಮದೂರದಲ್ಲಿದ್ದರೆ ಪ್ರತಿ ಸ್ಕ್ರೀನೂ ನಿಮ್ಮನ್ನು ನೇರವಾಗಿ ನೋಡುತ್ತದೆ, ಬಣ್ಣವೂ ಕೆಡುವುದಿಲ್ಲ.

ದಾರಕ್ಕೆ ಮುನ್ನ ನೀರುಮಟ್ಟ ಇಟ್ಟು ಮೂರರ ಮೇಲಂಚೂ ಒಂದೇ ಗೆರೆಗೆ ತನ್ನಿ. ಮುಂಬೈ ಫ್ಲ್ಯಾಟಿನ ನೆಲ ಸಮವಾಗಿರುತ್ತದೆ ಎಂದು ನಂಬಬೇಡಿ.

ಹಂತ 8: ಕೇಬಲ್, ಗೇಮ್

ಮೂರೂ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಒಂದು ಮದರ್‌ಬೋರ್ಡಿಗೆ ಸಿಕ್ಕಿಕೊಂಡರೆ ಎನ್‌ವಿಡಿಯಾ ಸರೌಂಡ್ ಅಥವಾ ಎಎಂಡಿ ಐಫಿನಿಟಿ (ಮೂರು ಸ್ಕ್ರೀನನ್ನು ಒಂದಾಗಿ ತೋರಿಸುವ ಸಾಫ್ಟ್‌ವೇರ್) ಮೂರನ್ನೂ ಕೂಡಿಸುವುದಿಲ್ಲ. ಸಾಧ್ಯವಾದರೆ ಮೂರೂ ಡಿಸ್‌ಪ್ಲೇಪೋರ್ಟ್, ಉದ್ದ 2 ಮೀಟರ್. 3 ಮೀಟರ್ ಮೀರಿದ ಅಗ್ಗದ ಕೇಬಲ್ಲಿನಲ್ಲಿ ಸ್ಕ್ರೀನ್ ಆಗಾಗ ಕಪ್ಪಾಗುತ್ತದೆ, ಜನ ಮಾನಿಟರೇ ಕೆಟ್ಟಿತೆಂದು ತಿಳಿಯುತ್ತಾರೆ. ರಿಫ್ರೆಶ್ ರೇಟ್ ಮೂರಕ್ಕೂ ಒಂದೇ ಇರಲಿ.

ಐರೇಸಿಂಗ್, ಅಸೆಟೊ ಕೋರ್ಸಾ, ಆರ್‌ಫ್ಯಾಕ್ಟರ್ 2, ಆಟೋಮೊಬಿಲಿಸ್ಟಾ 2 ಇವು ಮೂರು ಸ್ಕ್ರೀನಿಗೆ ಮೂರು ಬೇರೆ ಚಿತ್ರ ಬಿಡಿಸಬಲ್ಲವು. ಆ ಆಯ್ಕೆಯನ್ನು ನೀವೇ ಆನ್ ಮಾಡಬೇಕು. ಮಾಡದಿದ್ದರೆ ಒಂದೇ ಚಿತ್ರ ಮೂರರ ಮೇಲೂ ರಬ್ಬರಿನಂತೆ ಹಿಗ್ಗಿ, ಪಕ್ಕದ ಕಾರು ಲಾರಿಯಷ್ಟು ಉದ್ದ ಕಾಣುತ್ತದೆ. ಗೇಮ್ ಕೇಳುವ ಅಗಲ, ಅಂಚು, ಕಣ್ಣಿನ ದೂರ, ಕೋನ ಎಲ್ಲಕ್ಕೂ ನಿಮ್ಮ ಟೇಪಿನ ಅಂಕಿಯನ್ನೇ ಕೊಡಿ, ಚಂದ ಕಾಣಲೆಂದು ತಿದ್ದಬೇಡಿ. ಅಸೆಟೊ ಕೋರ್ಸಾದ ಎಫ್‌ಓವಿ ಅಂಕಿ ಮೇಲೆ ಕೆಳಗಿನ ನೋಟದ್ದು: 60 ಸೆಂ.ಮೀ. ದೂರದ 27 ಇಂಚಿಗೆ ಅದು 31 ಡಿಗ್ರಿ. ಅಡ್ಡ ನೋಟದ 53 ಹಾಕಿಬಿಟ್ಟು ಎಲ್ಲ ತಪ್ಪಾಗಿದೆ ಎಂದು ಒದ್ದಾಡುವವರು ಬಹಳ.

ಪರೀಕ್ಷೆಗೆ ಪಿಟ್ ಲೇನಿನಲ್ಲಿ (ರೇಸಿನ ನಡುವೆ ಟೈರು ಬದಲಿಸಲು ನಿಲ್ಲುವ ಓಣಿ) ಕಾರು ನಿಲ್ಲಿಸಿ. ಪಿಟ್ ಗೋಡೆಯ ಮೇಲಂಚು ನಡುವಿನ ಸ್ಕ್ರೀನಿನಿಂದ ಪಕ್ಕದ್ದಕ್ಕೆ ದಾಟುವಲ್ಲಿ ಒಂದೇ ಗೆರೆಯಾಗಿ ಸಾಗಬೇಕು. ಅಂಚಿನ ಹತ್ತಿರ ಗೆರೆ ಮುರಿದು ಬಾಗಿದರೆ ಕೊಟ್ಟ ಕೋನ ತಪ್ಪು, ಮುರಿಯದೆ ಮೇಲೆ ಕೆಳಗೆ ಜಿಗಿದರೆ ಮಾನಿಟರಿನ ಎತ್ತರ ತಪ್ಪು, ಗೆರೆಯ ಒಂದು ತುಂಡು ನುಂಗಿದಂತೆ ಅಥವಾ ಎರಡು ಸಲ ಬಂದಂತೆ ಕಂಡರೆ ಅಂಚಿನ ಅಳತೆ ತಪ್ಪು.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಡವರು ಒದ್ದೆ ಹವೆಯಲ್ಲಿ ಬಂದ ಪೆಟ್ಟಿಗೆ ಬಿಚ್ಚಿ ಎರಡು ಗಂಟೆ ರೂಮಿನ ಹವೆಗೆ ಬಿಟ್ಟು ಆಮೇಲೆ ಕರೆಂಟ್ ಕೊಡಿ. ಗೋವಾ ಕರಾವಳಿಯಲ್ಲಿ ಮಾಮೂಲಿ ಕಬ್ಬಿಣದ ಬೋಲ್ಟ್ ತುಕ್ಕು ಹಿಡಿದು ಪ್ರೊಫೈಲಿಗೆ ಕಚ್ಚಿಕೊಳ್ಳುತ್ತದೆ, ಸ್ಟೇನ್‌ಲೆಸ್ ಬೋಲ್ಟೇ ಹಾಕಿ. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್, ಮೂರು ಮಾನಿಟರ್ ಸೇರಿ ಐದಾರು ನೂರು ವ್ಯಾಟ್ ಶಾಖ ಒಂದು ಮುಚ್ಚಿದ ರೂಮಿಗೆ ಸುರಿಯುತ್ತದೆ, ಕಿಟಕಿಯ ಕಡೆಗೆ ಪಿಸಿಯ ಬೆನ್ನು ತಿರುಗಿಸಿ. ಗಂಟು ಹಾಕಿದ ಆ ದಾರವನ್ನು ಎಸೆಯಬೇಡಿ, ಸ್ಟ್ಯಾಂಡಿಗೇ ಕಟ್ಟಿಡಿ. ಎರಡು ಮೂರು ತಿಂಗಳಿಗೊಮ್ಮೆ ಬೋಲ್ಟ್ ಬಿಗಿದ ಮೇಲೆ ಅದನ್ನು ಮೂರೂ ಚುಕ್ಕೆಗೆ ಹಿಡಿದು ನೋಡಿದರೆ ಯಾವ ಸ್ಕ್ರೀನ್ ಎಷ್ಟು ಸರಿದಿದೆ ಎಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ.